ಜಾಜು ಹಚ್ಚದ ಮರಿ

ನನ್ನ ಬಲಗಾಲಿನ ಮೊಣಕಾಲು ಪೂರ್ತಿ ಮಡಚುವುದಿಲ್ಲ. ಶಹಾಪುರದಿಂದ ಭೀಮರಾಯನಗುಡಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಯಾರಾದರೂ ಕಾಲು ಉದ್ದಕ್ಕೆ ಚಾಚಿ ಹಾದಿಗೆ ಅಡ್ಡ ಕುಳಿತಿದ್ದರೆ ಅದು ನಾನು. ಬೈದುಕೊಂಡಾದರೂ ಸರಿ, ದಾಟಿಕೊಂಡು ಹೋಗಿ; ತುಳಿಯಬೇಡಿ. ತುಳಿದ ನೀವು ಮುಂದಿನ ಸ್ಟಾಪು ಬರುವುದರೊಳಗೆ ಮರೆಯುತ್ತೀರಿ, ನಾನು ಎಂಟು ದಿನ ಹಾಸಿಗೆ ಹಿಡಿಯುತ್ತೇನೆ.

ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪದಾರ್ಥ ನನ್ನ ಮೈಯಲ್ಲಿ ತಯಾರಾಗುವುದಿಲ್ಲ. ಇದಕ್ಕೆ ಹಿಮೋಫಿಲಿಯಾ ಎನ್ನುತ್ತಾರೆ. ಗಾಯವಾದರೆ ರಕ್ತ ನಿಲ್ಲುವುದಿಲ್ಲವಲ್ಲ ಎಂದು ಜನ ಹೆದರುತ್ತಾರೆ. ನಿಜವಾದ ಕಾಟ ಬೇರೆ ಇದೆ. ಯಾವ ಗಾಯವೂ ಇಲ್ಲದೆ ಕೀಲಿನ ಒಳಗೇ ರಕ್ತ ತುಂಬಿಕೊಳ್ಳುತ್ತದೆ, ಮೊಣಕಾಲು ಕುಂಬಳಕಾಯಿಯಾಗುತ್ತದೆ, ಮನುಷ್ಯ ಮಲಗಿದಲ್ಲೇ ಸೂರಿನ ಜಂತೆ ಎಣಿಸುತ್ತಾನೆ.

ಹೋದ ತಿಂಗಳು ಇಂಜೆಕ್ಷನ್ನಿಗೆಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ರಂಗಂಪೇಟೆಯ ಒಬ್ಬ ಹೆಣ್ಣುಮಗಳು, ಅವಳ ತೊಡೆಯ ಮೇಲೆ ಮೂರು ವರ್ಷದ ಮಗ. ಕೂಸಿನ ಮೊಣಕೈ ಊದಿತ್ತು. ಅವಳು ನನ್ನ ಕಾಲು ನೋಡಿದಳು, ಮುಖ ನೋಡಿದಳು, ಆಮೇಲೆ ಮೆಲ್ಲಗೆ ಕೇಳಿದಳು: "ಅಣ್ಣಾರ, ಇದು ತಾಯಿಯಿಂದನ ಬರ್ತದಂತ. ಹೌದೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ನರ್ಸಮ್ಮ ಅವಳ ಹೆಸರು ಕರೆದರು. ಒಳ್ಳೆಯದೇ ಆಯಿತು. ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರ ನನ್ನ ಹತ್ತಿರ ಇರಲಿಲ್ಲ. ನಮ್ಮ ಮನೆಯಲ್ಲಿ ಅದೇ ಪ್ರಶ್ನೆ ಹದಿನೆಂಟು ವರ್ಷ ನಮ್ಮ ಜೊತೆ ಉಂಡು, ಮಲಗಿ, ಎದ್ದು ಓಡಾಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ರಂಗಂಪೇಟೆಯ ತಂಗೀ, ನಿನಗೆ ಓದಲು ಬಾರದಿದ್ದರೆ ಯಾರಿಂದಲಾದರೂ ಓದಿಸಿಕೊಂಡು ಕೇಳು.

ನಮ್ಮದು ಕುರಿ ಸಾಕುವ ಮನೆತನ. ಶಹಾಪುರದಿಂದ ಎರಡು ಹರದಾರಿಯ ಹಳ್ಳಿ. ನಾನು ಹುಟ್ಟುವಾಗ ನಮ್ಮ ಸೀಮೆಯಲ್ಲಿ ಕಾಲುವೆ ತೋಡುತ್ತಿದ್ದರು. ಅವ್ವ ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಆ ಕೆಲಸಕ್ಕೆ ಹೋಗಿ ಮಣ್ಣಿನ ಬುಟ್ಟಿ ಹೊತ್ತವಳು. ನೀರು ಬಂದ ಮೇಲೆ ಜೋಳ ಬಿತ್ತುತ್ತಿದ್ದ ಹೊಲಗಳಲ್ಲಿ ಭತ್ತ ಎದ್ದಿತು, ಕುರಿ ಮೇಯುವ ಬಯಲು ಸಣ್ಣದಾಯಿತು. ಅಪ್ಪ ಹಿಂಡು ಹೊಡೆದುಕೊಂಡು ದೂರದೂರ ಹೋಗತೊಡಗಿದ. ಅಪ್ಪನದು ಮಾತು ಕಡಿಮೆ. ಮನೆಯಲ್ಲಿ ಮಾತೂ ಹಿಂಡಿನ ಕಾರುಬಾರೂ ಎರಡೂ ಅವ್ವನವು. ಅವ್ವನ ಹೆಸರು ಶಿವಮ್ಮ. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು ತಂಗಿ ದೇವಿ. ನನ್ನ ಹೆಸರು ಮಾಳಪ್ಪ.

ಅವ್ವನಿಗೆ ಅಕ್ಷರ ಬಾರದು. ಆದರೆ ಹಿಂಡಿನ ಒಂದೊಂದು ಕುರಿಯ ತಾಯಿ, ಅಜ್ಜಿ, ಮುತ್ತಜ್ಜಿ ಯಾವುದೆಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಮರಿಗಳು ಹಾಲು ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅವ್ವ ಗೋಡೆಗೆ ಬಳಿಯುವ ಕೆಂಪು ಜಾಜನ್ನು ಬಟ್ಟಲಲ್ಲಿ ಕಲಸಿಕೊಂಡು ಹಟ್ಟಿಯ ಬಾಗಿಲಲ್ಲಿ ಕೂಡುತ್ತಾಳೆ. ಹೆಣ್ಣು ಮರಿಗಳನ್ನು ಒಂದೊಂದಾಗಿ ಹಿಡಿದು ತರಬೇಕು. ಹಿಂಡಿನಲ್ಲಿ ಉಳಿಯಬೇಕಾದ ಮರಿಯ ಹಣೆಗೆ ಹೆಬ್ಬೆರಳಿನಿಂದ ಜಾಜು ಹಚ್ಚುತ್ತಾಳೆ. ಹಚ್ಚದ ಮರಿ ಸಂತೆಗೆ ಹೋಗುತ್ತದೆ. ಕಾಲು ಸೊಟ್ಟಗಿನ ಮರಿಯನ್ನೋ ಕಣ್ಣಿಲ್ಲದ ಮರಿಯನ್ನೋ ಹಾಕಿದ ಕುರಿ ಇದ್ದರೆ ಅದರ ಹೊಟ್ಟೆಯ ಯಾವ ಹೆಣ್ಣು ಮರಿಗೂ ಜಾಜು ಇಲ್ಲ. ಆ ಮರಿ ಎಷ್ಟೇ ಚೆಂದಗಿರಲಿ. "ತಾಯಿ ಬೇರಿನ್ಯಾಗ ಇದ್ದದ್ದು ಇವತ್ತಿಲ್ಲ ನಾಳಿ ಮ್ಯಾಲ ಬರ್ತದ," ಎನ್ನುತ್ತಿದ್ದಳು. ಬಹಳ ವರ್ಷ ಅವ್ವ ಈ ಮಾತು ಮೀರಿದ್ದನ್ನು ನಾನು ಕಂಡಿರಲಿಲ್ಲ.

ಚಿಕ್ಕವರಿದ್ದಾಗ ನಾನೂ ದೇವಿಯೂ ಮರಿಗಳ ಸಾಲಿನಲ್ಲಿ ನುಗ್ಗಿ ನಮ್ಮ ಹಣೆಯನ್ನೂ ಚಾಚುತ್ತಿದ್ದೆವು. "ಸರೀರಲೇ ಕಪಿಗಳ್ಯಾ," ಎಂದು ಬೈಯುತ್ತಲೇ ಅವ್ವ ನಮಗೂ ಒಂದೊಂದು ಬೊಟ್ಟು ಹಚ್ಚುತ್ತಿದ್ದಳು. ಸಂಜೆಯವರೆಗೆ ನಾವಿಬ್ಬರೂ ಅದನ್ನು ಒರೆಸಲು ಬಿಡುತ್ತಿರಲಿಲ್ಲ.

ನನ್ನ ಕಾಯಿಲೆ ಮೊದಲು ಮುಖ ತೋರಿಸಿದ್ದು ಜವಳದ ದಿನ. ಸೋದರಮಾವನ ತೊಡೆಯ ಮೇಲೆ ಕೂಡಿಸಿ ಕೂದಲು ತೆಗೆಯುವಾಗ ಕತ್ತಿ ಒಂದಿಷ್ಟು ತಾಕಿತಂತೆ. ಅಕ್ಕಿ ಕಾಳಿನಷ್ಟು ಗಾಯ. ಅರಿಶಿನ ಒತ್ತಿದರು, ಕಂಬಳಿ ಸುಟ್ಟ ಬೂದಿ ಒತ್ತಿದರು, ಎರಡು ದಿನ ಜಿನುಗಿತಂತೆ. ಮಾವನ ಹೊಸ ಧೋತರ ಹಾಳಾಯಿತು. ಹರಕೆಯಲ್ಲಿ ಏನೋ ಲೋಪವಾಗಿದೆ ಎಂದು ಹಿರಿಯರು ಇನ್ನೊಂದು ಹರಕೆ ಹೊತ್ತರು.

ಆಮೇಲೆ ಹಲ್ಲು ಬಿದ್ದಾಗ ಬಾಯಿ ತುಂಬ ರಕ್ತ. ಆಮೇಲೆ ಮೊಣಕಾಲು. ಕುರಿಯ ಕೀಲು ಊದಿದರೆ ನಮ್ಮಲ್ಲಿ ಕಾದ ಕಬ್ಬಿಣದಿಂದ ಚುಟಿಗೆ ಕೊಡುತ್ತಾರೆ. ಕುರಿಗೆ ವಾಸಿಯಾಗುವುದಾದರೆ ಮಾಳಪ್ಪನಿಗೆ ಯಾಕಾಗಬಾರದು ಎಂದು ನನ್ನ ಅಜ್ಜ ನನಗೂ ಕೊಟ್ಟ. ಕುರಿ ಜಾಣ, ಒಂದೇ ಸಲ ಒದ್ದು ಓಡಿಹೋಗುತ್ತದೆ. ನಾನು ಅಲ್ಲೇ ಇದ್ದೆ. ಸುಟ್ಟ ಗಾಯ ಒಡೆದು ಒಂದು ತಿಂಗಳು ಒಸರಿತು. ಅದರ ಕಲೆ ಈಗಲೂ ಇದೆ. ಅಜ್ಜ ಸಾಯುವತನಕ ಆ ಕಲೆ ಕಂಡರೆ ಮುಖ ಆ ಕಡೆ ತಿರುಗಿಸುತ್ತಿದ್ದ. ನನಗೆ ಅವನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ, ಪಾಪ.

ನನಗೆ ಒಂಬತ್ತು ವರ್ಷವಾದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ಕಲಬುರಗಿಯ ಒಂದು ಆಸ್ಪತ್ರೆಗೆ ಒಯ್ದ. ಅವ್ವ ಹಿಂದೆ ಬುತ್ತಿಗಂಟು ಹಿಡಿದುಕೊಂಡು ಬಂದಳು. ರಕ್ತ ಪರೀಕ್ಷೆಗೆ ಕೊಟ್ಟು ಎರಡು ದಿನ ಅದೇ ವರಾಂಡದಲ್ಲಿ ಕುಳಿತೆವು. ಮೂರನೆಯ ದಿನ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಸಮಾಧಾನದಿಂದಲೇ ಹೇಳಿದರು, ಒಳ್ಳೆಯ ಮನುಷ್ಯ. ಇದು ಗಂಡುಮಕ್ಕಳಿಗೆ ಬರುತ್ತದೆ, ಸಾಧಾರಣವಾಗಿ ತಾಯಿಯ ಕಡೆಯಿಂದ ಬರುತ್ತದೆ, ತಾಯಿಗೆ ಏನೂ ಆಗಿರುವುದಿಲ್ಲ, ಹೆಣ್ಣುಮಕ್ಕಳು ಅದನ್ನು ಒಳಗೆ ಇಟ್ಟುಕೊಂಡು ಮುಂದಿನವರಿಗೆ ದಾಟಿಸಬಹುದು ಎಂದರು.

'ಸಾಧಾರಣವಾಗಿ' ಎಂಬ ಮಾತು ಅವ್ವನ ಕಿವಿಗೆ ಬೀಳಲೇ ಇಲ್ಲ. ಬೀಳುವುದಾದರೂ ಹೇಗೆ? ಮಿಕ್ಕಿದ್ದೆಲ್ಲ ಅವಳಿಗೆ ಮೊದಲೇ ಗೊತ್ತಿತ್ತು. ಹಿಂಡಿನಲ್ಲಿ ಅದನ್ನೇ ನೋಡಿಕೊಂಡು ಬೆಳೆದವಳು.  ಬಸ್ಸಿಳಿದು ಮನೆ ಮುಟ್ಟಿ, ಅಂಗಳದಲ್ಲಿ ಆಡುತ್ತಿದ್ದ ದೇವಿಯನ್ನು ನೋಡಿ ಬಾಗಿಲಲ್ಲೇ ಕುಕ್ಕರಿಸಿದಳು. ಆರು ವರ್ಷದ ದೇವಿ ಓಡಿ ಬಂದು ಕೊರಳಿಗೆ ಜೋತುಬಿದ್ದಳು.

ಆ ವರ್ಷ ಜಾಜು ಹಚ್ಚುವ ದಿನ ದೇವಿ ಎಂದಿನಂತೆ ಹಣೆ ಚಾಚಿದಳು. ಅವ್ವ ಬಟ್ಟಲನ್ನು ಈಚೆ ಎಳೆದುಕೊಂಡು, "ನಡಿ ಅತ್ತಾಗ," ಎಂದಳು. ಆಮೇಲೆ ದೇವಿ ಯಾವತ್ತೂ ಬರಲಿಲ್ಲ. ನಾನೂ ಹೋಗಲಿಲ್ಲ.

ಇದು ಬರೀ ಅಳುವ ಕಥೆ ಅಂದುಕೊಳ್ಳಬೇಡಿ, ನಡುವೆ ಬಹಳ ಸುಖವನ್ನೂ ಪಟ್ಟಿದ್ದೇನೆ. ಶಾಲೆಗೆ ಅರ್ಧ ದಿನ ಹೋದೆ, ಅರ್ಧ ದಿನ ಹಾಸಿಗೆಯಲ್ಲೇ ಓದಿದೆ, ಆದರೂ ಪಾಸಾದೆ. ಭೀಮರಾಯನಗುಡಿಯಲ್ಲಿ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾದೆ. ಕುಳಿತು ಮಾಡುವ ಕೆಲಸ ದೇವರು ನನಗೆಂದೇ ತೆಗೆದಿಟ್ಟಿದ್ದ. ಆ ಹೊತ್ತಿಗೆ ನನ್ನಲ್ಲಿಲ್ಲದ ಪದಾರ್ಥವನ್ನು ಸೀಸೆಯಲ್ಲಿ ಕೊಡುವ ಕಾಲ ಬಂದಿತ್ತು. ಅದಕ್ಕೆ 'ಫ್ಯಾಕ್ಟರ್' ಎನ್ನುತ್ತಾರೆ. ಅದನ್ನು ತಣ್ಣಗಿಡಬೇಕು, ನಮ್ಮ ಮನೆಯಲ್ಲಿ ಫ್ರಿಜ್ಜಿಲ್ಲ. ಶಹಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ತಂಪು ಪಾನೀಯದ ಅಂಗಡಿ ಇಟ್ಟಿದ್ದ ಖಾಜಾ ಮಾಮುವನ್ನು ಹೆದರುತ್ತಲೇ ಕೇಳಿದೆ. ಅವನು ಬಾದಾಮಿ ಹಾಲಿನ ಬಾಟಲಿಗಳನ್ನು ಆ ಕಡೆ ಸರಿಸಿ ಒಂದು ಖಾನೆಯನ್ನೇ ಖಾಲಿ ಮಾಡಿದ.

"ಇದು ನಿಂದು. ಬ್ಯಾರೆಯವ್ರ ಕೈ ಬಿದ್ರ ನನ್ನ ಕೇಳು," ಎಂದ.

ಕರೆಂಟು ಹೋದರೆ ಮಾಮು ಮೊದಲು ನನ್ನ ಡಬ್ಬಿಗೆ ಐಸು ಸುತ್ತುತ್ತಿದ್ದ, ಆಮೇಲೆ ತನ್ನ ಹಾಲಿನ ಚಿಂತೆ. ನನ್ನ ಮೊಣಕಾಲು ಊದಿದ ಸುದ್ದಿ ಅವನಿಗೆ ನನ್ನ ನಡಿಗೆಯಿಂದಲೇ ತಿಳಿಯುತ್ತಿತ್ತು. ನಾನು ಬಸ್ಸಿನಿಂದ ಇಳಿಯುವಾಗಲೇ ಸೀಸೆ ತೆಗೆದು ಎರಡು ಅಂಗೈ ನಡುವೆ ಹಿಡಿದುಕೊಂಡು ನಿಂತಿರುತ್ತಿದ್ದ. ತಣ್ಣನೆಯದನ್ನು ಹಾಗೇ ಚುಚ್ಚಬಾರದು, ಸ್ವಲ್ಪ ಬೆಚ್ಚಗಾಗಬೇಕು ಎಂದು ಒಂದು ಸಲ ಹೇಳಿದ್ದೆ, ಅಷ್ಟೇ.

ಹೀಗೆ ನನ್ನ ಕಾಲು ಹೇಗೋ ಸಾಗಿತು. ಸಾಗದೆ ನಿಂತದ್ದು ದೇವಿಯ ಬದುಕು.

ಅಪ್ಪನ ತಂಗಿ ಗೌರತ್ತಿಯನ್ನು ಬಳಿಚಕ್ರಕ್ಕೆ ಕೊಟ್ಟಿದೆ. ಅವಳ ಮಗ ಸಾಬಣ್ಣ. ದೇವಿ ತೊಟ್ಟಿಲಲ್ಲಿದ್ದಾಗಲೇ ಗೌರತ್ತಿ "ಇಕಿ ನನ್ನ ಸೊಸಿ" ಎಂದು ಬಳೆ ಹಾಕಿ ಹೋಗಿದ್ದಳು. ನಮ್ಮಲ್ಲಿ ಇದು ಮಾತಾಡುವ ಸಂಗತಿಯೇ ಅಲ್ಲ, ಅಣ್ಣನ ಮಗಳು ತಂಗಿಯ ಮನೆಗೆ ಹೋಗುವುದು ನೀರು ಇಳಿಜಾರಿಗೆ ಹೋದಷ್ಟು ಸಹಜ. ದೇವಿಗೂ ಸಾಬಣ್ಣ ಎಂದರೆ ಜೀವ. ಅವನು ಮನೆಗೆ ಬಂದರೆ ಅವಳು ರೊಟ್ಟಿ ಬಡಿಯುವ ಸದ್ದೇ ಬೇರೆ.

ಅಡ್ಡ ನಿಂತವಳು ಅವ್ವ. ಊರಲ್ಲಿ ಹೆಣ್ಣಿನ ಕಡೆಯವರು ಹೆಣ್ಣಿನ ಕುಂದು ಮುಚ್ಚಿಡುತ್ತಾರೆ. ನಮ್ಮ ಅವ್ವ ತಾನೇ ಎತ್ತಿ ಹಿಡಿದಳು. ಗೌರತ್ತಿ ಎಲೆ ಅಡಿಕೆ ತಂದು ಕುಳಿತಾಗ ಅವಳೆದುರು ಹೇಳಿಯೇಬಿಟ್ಟಳು.

"ಗೌರಾ, ಹುಡುಗೀನ ಕೊಡಂಗಿಲ್ಲ. ನನ್ನ ಬೇರಿನ್ಯಾಗ ದೋಷ ಅದ. ನಿನ್ನ ಮನಿಗಿ ಅದನ್ನ ಹೊತ್ತು ಹಾಕಂಗಿಲ್ಲ ನಾ."

"ಅತ್ತಿಗಿ, ನಾ ಹುಡುಗೀನ ಕೇಳಾಕ ಬಂದೀನಿ. ಕುರಿ ಕೊಳ್ಳಾಕ ಬಂದಿಲ್ಲ."

"ಕುರಿ ಕೊಳ್ಳಾಕಾದ್ರೂ ಹಲ್ಲು ನೋಡ್ತಿ. ಇದು ಮಂದಿ ಬಾಳೇವು."

ಗೌರತ್ತಿ ಎಲೆ ಅಡಿಕೆಯನ್ನು ಹಾಗೇ ಬಿಟ್ಟು ಎದ್ದು ಹೋದಳು. ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹಿಂಡಿನ ಕಡೆ ನಡೆದ. ದೇವಿ ಒಲೆಯ ಮುಂದೆ ಕುಳಿತವಳು ತಿರುಗಲೂ ಇಲ್ಲ. ಹೀಗೆ ನಾಲ್ಕು ವರ್ಷ. ಸಾಬಣ್ಣ ಬೇರೆ ಹೆಣ್ಣು ನೋಡಲು ಒಪ್ಪಲಿಲ್ಲ. ದೇವಿಗೆ ಇಪ್ಪತ್ನಾಲ್ಕಾಯಿತು.

ಒಂದು ಸಲ ನಾನು ಅವಳಿಗೆ, "ನನ್ನ ಕಾಲಿನ ಸಲುವಾಗಿ ನಿನ್ನ ಬಾಳೇವು ಕೆಡ್ತು," ಎಂದೆ.

"ನಿನ್ನ ಮ್ಯಾಲ ನಂಗ ಸಿಟ್ಟಿಲ್ಲ," ಎಂದಳು. "ಅವ್ವನ ಮ್ಯಾಲ ಅದ. ಅಕೀ ಮ್ಯಾಲೂ ಪೂರಾ ಸಿಟ್ಟು ಬರವಲ್ದು. ಅದ ದೊಡ್ಡ ತ್ರಾಸು."

ಆ ವರ್ಷ ನನ್ನ ಸೊಂಟದ ಒಳಗೆ ರಕ್ತ ತುಂಬಿ ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕಾಯಿತು. ಯಾದಗಿರಿಯಿಂದ ರೈಲು. ಅವ್ವ ಕಟ್ಟಿಕೊಂಡ ಜೋಳದ ರೊಟ್ಟಿ, ಶೇಂಗಾ ಹಿಂಡಿ ಒಂದು ವಾರಕ್ಕೆ ಸಾಲುವಷ್ಟಿತ್ತು. ಅಲ್ಲಿನ ಕಾಯುವ ಕೋಣೆಯಲ್ಲಿ ನಾನು ಮೊದಲ ಸಲ ನನ್ನಂಥ ಕಾಲುಗಳನ್ನು ಸಾಲಾಗಿ ಕಂಡೆ. ಹುಡುಗರು, ಮುದುಕರು, ಕೋಲು ಹಿಡಿದವರು. ಅಲ್ಲಿಯವರೆಗೆ ಜಗತ್ತಿನಲ್ಲಿ ಈ ಕಾಯಿಲೆ ನನಗೊಬ್ಬನಿಗೇ ಇದೆ ಎಂಬ ಒಂದು ಜಂಬವೂ ಇತ್ತು ನೋಡಿ, ಅದು ಇಳಿಯಿತು. ಅವ್ವ ಎಲ್ಲರಿಗೂ ರೊಟ್ಟಿ ಹಂಚಿದಳು. ಮಂಡ್ಯದ ಕಡೆಯ ಒಬ್ಬ ಹುಡುಗನ ಮೊಣಕಾಲನ್ನು ಕುರಿಯ ಕೀಲು ನೋಡಿದಂತೆ ಒತ್ತಿ ನೋಡಿ, "ಇದು ಇಳ್ಯಾಕತ್ತದ, ಹೆದರಬ್ಯಾಡವ್ವ," ಎಂದು ಅವನ ತಾಯಿಗೆ ಧೈರ್ಯ ಹೇಳಿದಳು. ಆ ತಾಯಿಗೆ ಅವ್ವನ ಮಾತು ಅರ್ಧವೂ ತಿಳಿದಂತೆ ಕಾಣಲಿಲ್ಲ, ಆದರೂ ಕೈ ಹಿಡಿದುಕೊಂಡು ಅತ್ತಳು.

ನನ್ನನ್ನು ನೋಡಿದ ಡಾಕ್ಟರಮ್ಮನಿಗೆ ಐವತ್ತರ ಹತ್ತಿರದ ವಯಸ್ಸು, ನಗುಮುಖ. ಸೊಂಟ ಸುಧಾರಿಸಿದ ಮೇಲೆ ಅವರು ಒಂದು ಹಾಳೆ ತೆಗೆದುಕೊಂಡು, "ಅಮ್ಮಾ, ನಿಮ್ಮ ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತಾ?" ಎಂದು ಕೇಳಿದರು.

ಅವ್ವ ಸೆರಗು ಸರಿಮಾಡಿಕೊಂಡು ಶುರುಮಾಡಿದಳು. "ನಾ ಶಿವಮ್ಮ. ನಮ್ಮವ್ವ ಬಸ್ಸವ್ವ, ಆಕಿಗಿ ಮೂರು ಗಂಡು, ಮೂರೂ ಗಟ್ಟಿ. ಆಕಿ ತಾಯಿ ನಿಂಗವ್ವ, ಆಕಿಗಿ ಐದು ಗಂಡು..." ಹೀಗೆ ತಾಯಿಯ ತಾಯಿಯ ತಾಯಿಯೆಂದು ಆರು ತಲೆಮಾರು ಏರಿದಳು. ಯಾರಿಗೆ ಎಷ್ಟು ಗಂಡು, ಯಾರು ಯಾತರಿಂದ ಸತ್ತರು, ಒಂದೂ ತಪ್ಪಲಿಲ್ಲ. ಡಾಕ್ಟರಮ್ಮನ ಹಾಳೆ ತುಂಬಿತು, ಹಿಂಬದಿಯೂ ತುಂಬಿತು.

"ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಹೀಗೆ ಯಾರೂ ಹೇಳಿಲ್ಲ," ಎಂದು ನಕ್ಕರು. ಆಮೇಲೆ ಹಾಳೆಯನ್ನು ಮೊದಲಿನಿಂದ ಇನ್ನೊಮ್ಮೆ ಓದಿದರು. "ಇಷ್ಟು ಗಂಡುಮಕ್ಕಳು, ಒಬ್ಬರಿಗೂ ಇಲ್ಲ. ಅಮ್ಮಾ, ಮೂವರ ರಕ್ತವನ್ನೂ ಪರೀಕ್ಷೆ ಮಾಡೋಣ. ಮಗಳನ್ನೂ ಕರೆಸಿ."

ದೇವಿ ಬಂದಳು. ಮೂವರೂ ಕೈ ಚಾಚಿದೆವು. ಫಲಿತಾಂಶಕ್ಕೆ ತಿಂಗಳುಗಳೇ ಬೇಕು ಎಂದರು. ಈ ಕಾಯಿಲೆಯವರ ರಕ್ತದಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪುಗಳು ನನ್ನಲ್ಲಿ ಸಿಗದ ಕಾರಣ ಮತ್ತಷ್ಟು ತಡವಾಯಿತು.

ಆ ತಿಂಗಳುಗಳನ್ನು ಹೇಗೆ ಕಳೆದೆವೋ. ಕಚೇರಿಯ ಫೋನು ರಿಂಗಾದಾಗಲೆಲ್ಲ ಕುಂಟುತ್ತಾ ಹೋಗಿ ನಾನೇ ಎತ್ತುತ್ತಿದ್ದೆ. ನಡುವೆ ಗೌರತ್ತಿ ಹೇಳಿಕಳಿಸಿದಳು: ಸುರಪುರದ ಕಡೆಯಿಂದ ಒಂದು ಹೆಣ್ಣು ಬಂದಿದೆ, ಜೋಳದ ರಾಶಿ ಮುಗಿಯುವವರೆಗೆ ಕಾಯುತ್ತೇನೆ, ಆಮೇಲೆ ನನ್ನ ಮಗನ ವಯಸ್ಸನ್ನೂ ನಾನು ನೋಡಬೇಕು. ತಪ್ಪೇನಿತ್ತು ಅವಳದು. ದೇವಿ ಆ ಮಾತು ಕೇಳಿ ಎರಡು ದಿನ ಉಣ್ಣಲಿಲ್ಲ. ಅವ್ವನೂ ಉಣ್ಣಲಿಲ್ಲ, ಆದರೆ ಪಟ್ಟು ಬಿಡಲಿಲ್ಲ.

ರಾಶಿ ಇನ್ನೂ ಕಣದಲ್ಲಿದ್ದಾಗ ಬೆಂಗಳೂರಿನಿಂದ ಕರೆ ಬಂತು. ಮೂವರೂ ಹೋದೆವು. ಡಾಕ್ಟರಮ್ಮ ಅವ್ವನನ್ನು ತಮ್ಮ ಎದುರಿಗೇ ಕೂಡಿಸಿಕೊಂಡರು.

"ಅಮ್ಮಾ, ನಿಮ್ಮ ರಕ್ತದಲ್ಲಿ ಈ ದೋಷ ಇಲ್ಲ. ನಿಮ್ಮ ಮಗಳಲ್ಲೂ ಇಲ್ಲ. ಮಗಳನ್ನು ಬೇರೆಯಾಗಿಯೇ ನೋಡಿದ್ದೇವೆ, ಅವಳ ಮಟ್ಟಿಗೆ ಯಾವ ಅನುಮಾನವೂ ಬೇಡ."

ದೇವಿ ನನ್ನ ತೋಳು ಹಿಡಿದಳು. ಮಾರನೆಯ ದಿನ ಅಲ್ಲಿ ನೀಲಿಗಟ್ಟಿತ್ತು, ಅಷ್ಟು ಗಟ್ಟಿಯಾಗಿ. ಅವ್ವ ಮಾತ್ರ ಕದಲಲಿಲ್ಲ.

"ನನ್ನಾಗಿಲ್ಲಂದ್ರ ಇವಂಗ ಎಲ್ಲಿಂದ ಬಂತ್ರೀ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಹೇಳಿದರು. ಅವರು ಹೇಳಿದ್ದರಲ್ಲಿ ನನಗೆ ತಿಳಿದಷ್ಟು ಇದು: ನಮ್ಮ ಮೈಯ ಒಂದೊಂದು ಕಣದಲ್ಲೂ ಒಂದು ಉದ್ದನೆಯ ಬರಹ ಇದೆ. ಅದರಲ್ಲಿ ಕೆಲವು ತುಂಡುಗಳಿಗೆ ಒಂದು ಚಾಳಿ. ತಾವು ಇದ್ದಲ್ಲೇ ಇದ್ದು, ತಮ್ಮದೊಂದು ನಕಲನ್ನು ಮಾಡಿ ಬೇರೆಲ್ಲೋ ಸೇರಿಸಿಬಿಡುತ್ತವೆ. ಹಾಗಾಗುವುದು ಬಹಳ ಅಪರೂಪ. ಹೆಚ್ಚಿನ ಸಲ ಖಾಲಿ ಜಾಗದಲ್ಲಿ ಬೀಳುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಜೀವ ಮೂಡುವ ಹೊತ್ತಿನ ಆಸುಪಾಸಿನಲ್ಲಿ ಅಂಥ ಒಂದು ತುಂಡು ರಕ್ತ ಹೆಪ್ಪುಗಟ್ಟಿಸುವ ಸಾಲಿನ ನಟ್ಟನಡುವೆ ಬಂದು ಕುಳಿತಿದೆ. ನನಗಿಂತ ಹಿಂದೆ ನಮ್ಮ ಮನೆತನದಲ್ಲಿ ಯಾರಿಗೂ ಅದು ಇರಲಿಲ್ಲ.

ಅವ್ವ ಮೇಜಿನ ಕಡೆ ಬಾಗಿದಳು. "ಜಾಲಿ ಇದ್ದಂಗ," ಎಂದಳು.

ಡಾಕ್ಟರಮ್ಮನಿಗೆ ತಿಳಿಯಲಿಲ್ಲ.

"ಬಳ್ಳಾರಿ ಜಾಲೀರಿ. ಅದನ್ನ ಯಾರೂ ಹಚ್ಚಂಗಿಲ್ಲ. ಕುರಿ ಕಾಯಿ ತಿಂತಾವ, ಮತ್ತೆಲ್ಲೋ ಹೋಗಿ ಹಿಕ್ಕಿ ಹಾಕ್ತಾವ, ಅದರಾಗಿನ ಬೀಜ ಅಲ್ಲಿ ಮೊಳೀತದ. ಹಳೇ ಗಿಡ ಇದ್ದಲ್ಲೇ ಇರ್ತದ. ಬೀಳು ಬಿದ್ದಲ್ಲಿ ಹುಟ್ಟಿದ್ರ ಯಾರು ನೋಡ್ತಾರ? ಕಾಲುವಿ ಬಾಯಾಗ ಹುಟ್ಟಿದ್ರ ನೀರು ನಿಂದರ್ತದ."

ಡಾಕ್ಟರಮ್ಮ ಕುರ್ಚಿಗೆ ಒರಗಿ ಅವ್ವನನ್ನೇ ನೋಡಿದರು. "ನಾಳೆ ನನ್ನ ವಿದ್ಯಾರ್ಥಿಗಳಿಗೆ ಹೀಗೇ ಹೇಳ್ತೀನಿ," ಎಂದರು.

ಅವ್ವನ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ. ಈಗ ದನಿ ಸಣ್ಣದಾಯಿತು. "ಇವ ಹೊಟ್ಯಾಗಿದ್ದಾಗ ಕಾಲುವಿ ಕೆಲಸಕ್ಕ ಹೋಗಿ ಮಣ್ಣು ಹೊತ್ತೀನ್ರಿ. ಎಂಟು ತಿಂಗಳತನಕ. ಅದಕ್ಕೇನರ..."

"ಇಲ್ಲಮ್ಮಾ. ನೀವು ಹೊತ್ತಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನೀವು ಏನು ಮಾಡಿದ್ದರೂ, ಏನು ಮಾಡದಿದ್ದರೂ ಇದನ್ನು ತಡೆಯೋಕೆ ಆಗ್ತಿರಲಿಲ್ಲ."

ಹದಿನೆಂಟು ವರ್ಷ ಅವ್ವ ಆ ಮಣ್ಣಿನ ಬುಟ್ಟಿಯನ್ನೂ ಹೊತ್ತುಕೊಂಡಿದ್ದಳು ಎಂದು ನನಗೆ ಅವತ್ತೇ ಗೊತ್ತಾದದ್ದು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವ್ವ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನೂ ಅತ್ತೆ, ಹೇಳಿಕೊಳ್ಳಲು ನನಗೇನು ನಾಚಿಕೆ.

"ಎಂಥಾ ಕೆಟ್ಟ ತಳಿರೀ ಅದು," ಎಂದು ಅವ್ವ ಕಣ್ಣೊರೆಸಿಕೊಂಡು ಆ ತುಂಡನ್ನು ಬೈದಳು.

"ಪೂರ್ತಿ ಬೈಬೇಡಿ," ಎಂದರು ಡಾಕ್ಟರಮ್ಮ. "ನಮ್ಮೊಳಗಿನ ಬರಹದಲ್ಲಿ ಹತ್ತಿರ ಹತ್ತಿರ ಅರ್ಧ ಇಂಥವುಗಳಿಂದಲೇ ಬಂದದ್ದು. ನಿಮ್ಮಲ್ಲಿ, ನನ್ನಲ್ಲಿ, ನಿಮ್ಮ ಕುರಿಗಳಲ್ಲಿ. ಹೆರಿಗೆ ಆದ ಮೇಲೆ ಮಾಸು ಬೀಳುತ್ತಲ್ಲ? ಹೊಟ್ಟೆಯಲ್ಲಿ ಮಗುವಿಗೆ ಅನ್ನ ನೀರು ಮುಟ್ಟಿಸೋದು ಅದೇ. ಆ ಮಾಸು ಕಟ್ಟೋ ಕೆಲಸವನ್ನ ನಮ್ಮ ಮೈ ಕಲಿತದ್ದು ಇದೇ ಕುಲದ, ಯಾವುದೋ ಕಾಲದಲ್ಲಿ ಹೀಗೇ ಬಂದು ಸೇರಿದ ತುಂಡುಗಳಿಂದ. ಕುರಿಗಳಲ್ಲೂ ಹಾಗೇ."

ನೂರಾರು ಕುರಿಗಳ ಬಾಣಂತನ ಮಾಡಿದ ಅವ್ವನಿಗೆ ಮಾಸಿನ ಬೆಲೆ ಹೇಳಿಕೊಡಬೇಕಾಗಿರಲಿಲ್ಲ. ಜಾಲಿಯ ಕಟ್ಟಿಗೆಯಿಂದಲೇ ನಮ್ಮ ಒಲೆ ಉರಿಯುವುದು ಅವಳಿಗೆ ನೆನಪಾಯಿತೋ ಏನೋ. "ಹಂಗಾದ್ರ ಬೈಯಂಗಿಲ್ಲ ಬಿಡ್ರಿ," ಎಂದಳು.

ಊರಿಗೆ ಬಂದ ಮಾರನೆಯ ದಿನವೇ ಅವ್ವ ಹೊಸ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಬಳಿಚಕ್ರಕ್ಕೆ ಹೊರಟಳು. ಆಸ್ಪತ್ರೆಯ ಕಾಗದವನ್ನೂ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನೂ ಜೊತೆಗೆ ಹೋದೆ. ಗೌರತ್ತಿ ಕಣದಲ್ಲಿ ಜೋಳ ತೂರುತ್ತಿದ್ದಳು. ಅವ್ವ ಕಂಬಳಿಯನ್ನು ಅವಳ ಕಾಲ ಹತ್ತಿರ ಇಟ್ಟು ಕಾಗದ ಬಿಡಿಸಿ ಹಿಡಿದಳು.

ಗೌರತ್ತಿ ಕಾಗದವನ್ನು ನೋಡಲೇ ಇಲ್ಲ. "ಅತ್ತಿಗಿ, ನಿನ್ನ ಕಾಗದ ಯಾರು ಕೇಳಿದ್ರು? ನಾ ನಾಲ್ಕು ವರ್ಷದಿಂದ ಹುಡುಗೀನ ಕೇಳಾಕತ್ತೀನಿ," ಎಂದಳು. ಕಂಬಳಿಯನ್ನು ಮಾತ್ರ ಎತ್ತಿಕೊಂಡು ಅಂಚು ಹೇಗಿದೆ ಎಂದು ಪರೀಕ್ಷಿಸಿದಳು. ನೆಲದೊಳಗಿನ ಹಗೇವಿಗೆ ಜೋಳ ತುಂಬುವ ಮೊದಲೇ ಮದುವೆಯಾಯಿತು.

ಆದರೆ ನಾನು ಒಂದು ಮಾತನ್ನು ಮುಚ್ಚಿಟ್ಟಿದ್ದೆ. ಅವತ್ತು ಡಾಕ್ಟರಮ್ಮ ನನ್ನೊಬ್ಬನನ್ನೇ ಒಳಗೆ ಕರೆದು ಹೇಳಿದ್ದರು: ನಿಮಗೆ ಗಂಡುಮಕ್ಕಳಾದರೆ ಅವರಿಗೆ ಇದು ನಿಮ್ಮಿಂದ ಹೋಗುವುದಿಲ್ಲ. ಹೆಣ್ಣುಮಕ್ಕಳಾದರೆ ಪ್ರತಿಯೊಬ್ಬಳ ಒಳಗೂ ಇದು ಇರುತ್ತದೆ. ಅಂದರೆ ಬೇರು ಅವ್ವನಲ್ಲ, ನಾನು. ನನ್ನ ಮುಂದಿನ ಸಾಲು ನನ್ನಿಂದ ಶುರು.

ಎರಡು ವರ್ಷದ ಮೇಲೆ ಶಾಂತಾಳನ್ನು ಮದುವೆಯಾಗುವ ಮುಂಚೆ ಅವಳಿಗೆ ಎಲ್ಲವನ್ನೂ ಹೇಳಿದೆ. ಅಂಗನವಾಡಿ ಟೀಚರು ಅವಳು, ನೂರು ಮಕ್ಕಳನ್ನು ಕಂಡವಳು. "ಗೊತ್ತಿದ್ದು ಹಡದ್ರ ಮೊದಲ್ನೇ ದಿನದಿಂದ ಜ್ವಾಕಿ ಮಾಡಬಹುದು. ನಿಮ್ಮವ್ವಗ ಗೊತ್ತಿರಲಿಲ್ಲ, ಅಷ್ಟ," ಎಂದಳು. ಅವಳಿಗೆ ಹೇಳಿದ್ದು ಸುಲಭವಾಯಿತು. ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಅವಳು ಹಗುರಾಗಿ ಓಡಾಡುವುದನ್ನು ಆಗಷ್ಟೇ ನೋಡುತ್ತಿದ್ದೆ. ಮತ್ತೆ ಆ ಬುಟ್ಟಿಯನ್ನು ಅವಳ ತಲೆಯ ಮೇಲೆ ಹೇಗಿಡಲಿ? ಒಳಗೊಳಗೆ ಇನ್ನೊಂದು ಹೆದರಿಕೆಯೂ ಇತ್ತು. ಹೊಟ್ಟೆಯ ಮಗಳಿಗೇ ಜಾಜಿನ ಬಟ್ಟಲು ಈಚೆ ಎಳೆದುಕೊಂಡವಳು ಅವಳು. ಮೊಮ್ಮಗಳಿಗೆ ಬಿಡುತ್ತಾಳೆಯೇ?

ಶಾಂತಾ ತವರಿನಲ್ಲಿ ಹೆಣ್ಣು ಹಡೆದಳು. ಮೂರನೆಯ ತಿಂಗಳಲ್ಲಿ ಕೂಸನ್ನು ಕರೆದುಕೊಂಡು ಬಂದ ವಾರವೇ ನಮ್ಮ ಮನೆಯಲ್ಲಿ ಮರಿಗಳಿಗೆ ಜಾಜು ಹಚ್ಚುವ ದಿನ. ದೇವಿಯೂ ಸಾಬಣ್ಣನೂ ಬಳಿಚಕ್ರದಿಂದ ಬಂದಿದ್ದರು. ಅವ್ವ ಹಟ್ಟಿಯ ಬಾಗಿಲಲ್ಲಿ ಬಟ್ಟಲು ಹಿಡಿದು ಕುಳಿತಿದ್ದಳು. ಸಾಬಣ್ಣ ಮರಿ ಹಿಡಿದು ತರುತ್ತಿದ್ದ. ನಾನು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಕಾಲು ಚಾಚಿ, ಅಲ್ಲೇ ಕಟ್ಟೆಯ ಮೇಲಿದ್ದೆ. ಅವ್ವ ಒಂದು ಮರಿಯ ಬೆನ್ನು ಸವರಿ, ಹಚ್ಚದೆ ಆ ಕಡೆ ಬಿಟ್ಟಳು. ಸೊಟ್ಟ ಕಾಲಿನ ಮರಿ ಹಾಕಿದ್ದ ಕುರಿಯದು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅವ್ವ, ನಿಂಗೊಂದು ಹೇಳೂದದ. ನನ್ನ ಮಗಳೊಳಗ ಆ ದೋಷ ಅದ. ನನ್ನಿಂದ ಬಂದದ. ಪರೀಕ್ಷಾ ಬೇಕಾಗಿಲ್ಲ, ಇದ್ದೇ ಇರ್ತದ. ಮದುವಿಗಿ ಮೊದಲ ನಂಗ ಗೊತ್ತಿತ್ತು."

ಸಾಬಣ್ಣ ಹಿಡಿದ ಮರಿಯೊಂದಿಗೆ ನಿಂತಲ್ಲೇ ನಿಂತ. ದೇವಿ ನನ್ನನ್ನೂ ಅವ್ವನನ್ನೂ ನೋಡಿದಳು. ಅವ್ವ ಬಟ್ಟಲಿನಲ್ಲಿ ಜಾಜು ಕಲಸುತ್ತಲೇ ಇದ್ದಳು.

"ಇಷ್ಟು ವರ್ಷ ಇದನ್ನ ಹೊಟ್ಯಾಗ ಇಟ್ಕೊಂಡು ತಿರುಗ್ಯಾಡಿದಿ?" ಎಂದಳು.

"ನಿಂಗ ಗೊತ್ತಿತ್ತೇನು?"

"ಟಗರಿನ ದೋಷ ಹೆಣ್ಣು ಮರಿ ಒಳಗ ಹೋಗಿ ಕೂಡ್ತದಂತ ನಂಗ ಅನುಮಾನ ಬರಂಗಿಲ್ಲೇನು? ಅವತ್ತ ಬೆಂಗಳೂರಾಗ ನೀ ಔಷಧ ತರಾಕ ಹೋದಾಗ ಡಾಕ್ಟರಮ್ಮನ್ನ ಕೇಳೀನಿ. ಹೌದಂದ್ರು."

"ಮತ್ತ ನನ್ನ ಮದುವಿಗಿ ಯಾಕ ಬ್ಯಾಡ ಅನ್ಲಿಲ್ಲ?"

ಅವ್ವ ದೇವಿಯ ಕಡೆ ನೋಡಿದಳು.  "ಒಮ್ಮಿ ಬ್ಯಾಡ ಅಂದು ಅಕೀವು ಹದಿನೆಂಟು ವರ್ಷ ತಿಂದೀನಿ," ಎಂದಳು. ಆಮೇಲೆ ಕೈ ಚಾಚಿದಳು. "ಕೂಸಿನ್ನ ಇತ್ತ ತಾ."

ಕೊಟ್ಟೆ. ಅವ್ವ ಮಗುವನ್ನು ಎರಡು ಮೊಣಕಾಲ ನಡುವೆ ಮಲಗಿಸಿಕೊಂಡು, ತಲೆಯ ಕುಂಚಿಗೆಯನ್ನು ಹಿಂದೆ ಸರಿಸಿ, ಹೆಬ್ಬೆರಳನ್ನು ಬಟ್ಟಲಿನಲ್ಲಿ ಅದ್ದಿ ಹಣೆಗೆ ಒತ್ತಿದಳು. ಸಣ್ಣ ಹಣೆ, ಬೊಟ್ಟು ಹುಬ್ಬಿನಿಂದ ಕೂದಲಿನವರೆಗೆ ಆಯಿತು. ಮಗು ಕಣ್ಣು ಪಿಳಿಪಿಳಿ ಮಾಡಿತು. ಅವ್ವ ಇನ್ನೊಮ್ಮೆ ಬೆರಳು ಅದ್ದಿದಳು. "ಬಾ ಇಲ್ಲಿ," ಎಂದು ದೇವಿಯನ್ನು ಕರೆದಳು. ದೇವಿ, ಎರಡು ಮಕ್ಕಳ ತಾಯಿ, ನೆಲಕ್ಕೆ ಮೊಣಕಾಲೂರಿ ಹಣೆ ಚಾಚಿದಳು.

ಹಚ್ಚಿದ ಮೇಲೆ ಅವ್ವ ಬೆರಳನ್ನು ಸೀರೆಗೆ ಒರೆಸಿಕೊಂಡು, ನಮ್ಮ ಯಾರ ಮುಖವನ್ನೂ ನೋಡದೆ, "ಸಾಬಣ್ಣಾ, ಆಗ ಬಿಟ್ಟೆನಲ್ಲ, ಆ ಮರೀನ್ನೂ ಹಿಡ್ಕೊಂಡು ಬಾ," ಎಂದಳು.